ಸೋರದ ಮಡಕೆ

ಬೆಹಾಲಾ
17 ಜನವರಿ 2023

ಅಪ್ಪ,

ಫೋನ್ ಮಾಡಬೇಡಿ, ನಾನು ಎತ್ತುವುದಿಲ್ಲ. ಬಾಲಿಗಂಜ್‌ಗೂ ಬೆಹಾಲಾಕ್ಕೂ ನಡುವೆ ಕೊಲ್ಕತ್ತಾದೊಳಗೇ ಒಂದು ಬಸ್ಸಿನ ದೂರ ಅಷ್ಟೇ. ಆದರೂ ಪತ್ರ ಬರೆಯುತ್ತಿದ್ದೇನೆ. ಎದುರು ಕೂತರೆ ನಾನು ಕೂಗಾಡುತ್ತೇನೆ, ಅಮ್ಮ ಅಳುತ್ತಾಳೆ. ಅಲ್ಲದೆ ನನ್ನ ಪೇಟೆಂಟ್ ಅರ್ಜಿ ನೋಡಿಕೊಳ್ಳುವ ವಕೀಲೆ ಶರ್ಮಿಷ್ಠಾ ದೀದಿ, ಇನ್ನು ಮೇಲೆ ಈ ವಿಷಯದಲ್ಲಿ ಯಾರು ಯಾರಿಗೆ ಏನು ಹೇಳಿದರೂ ತಾರೀಖು ಹಾಕಿ ಬರಹದಲ್ಲೇ ಇರಲಿ ಎಂದಿದ್ದಾರೆ.

ನಿನ್ನೆ ಅರ್ಜಿಗೆ ಸಹಿ ಹಾಕಲು ಸಾಲ್ಟ್ ಲೇಕ್‌ನ ಅವರ ಆಫೀಸಿಗೆ ಹೋಗಿದ್ದೆ. ಎಲ್ಲ ಮುಗಿದ ಮೇಲೆ, ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ನನ್ನನ್ನೂ ಕೇಳಿದರು. ‘ಈ ವಿಧಾನದ ಬಗ್ಗೆ ಎಲ್ಲಾದರೂ ಅಚ್ಚಾಗಿದೆಯಾ?’ ನಾನು ನಕ್ಕೆ. ‘ಎಲ್ಲೂ ಇಲ್ಲ ದೀದಿ, ನಮ್ಮಪ್ಪ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಯಲ್ಲಿ ಏನೋ ಬರೆದಿದ್ದಾರೆ ಅಷ್ಟೆ’ ಎಂದೆ. ಅವರು ಪೆನ್ನು ಕೆಳಗಿಟ್ಟರು.

ಸಂಚಿಕೆ ಬ್ಯಾಗಿನಲ್ಲೇ ಇತ್ತು. ಅಮ್ಮ ಚಕ್ಕುಲಿ ಡಬ್ಬಿಯ ಜೊತೆ ತುರುಕಿದ್ದಳು. ‘ನನ್ನ ಮಗಳ ಸೋರದ ಮಡಕೆ’ಯನ್ನು ಮೊದಲ ಸಲ ಪೂರ್ತಿ ಓದಿದೆ, ಒಂದೊಂದೇ ಸಾಲನ್ನು ಬಂಗಾಳಿಯಲ್ಲಿ ಅವರಿಗೆ ಹೇಳುತ್ತಾ. ಮಿಷ್ಟಿ ದೋಯಿ, ಅಂದರೆ ಸಿಹಿ ಮೊಸರು, ಹಾಕುವ ಮಣ್ಣಿನ ಮಡಕೆ ಯಾಕೆ ಜಿನುಗುತ್ತದೆ, ಅದಕ್ಕೆ ಹುಣಸೆಬೀಜದ ಅಂಟನ್ನು ಒಳಗಡೆ ಹೇಗೆ ಸವರಬೇಕು, ಸುಡುವ ಗೂಡಿನಿಂದ ತೆಗೆದು ಇನ್ನೂ ಬಿಸಿ ಇರುವಾಗಲೇ ಯಾಕೆ ಸವರಬೇಕು, ತಣ್ಣಗಾದರೆ ಅಂಟು ಹೇಗೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ, ಎಲ್ಲವೂ ಇದೆ. ನನ್ನ ಅರ್ಜಿಗಿಂತ ಚೆನ್ನಾಗಿ ಬರೆದಿದ್ದೀರಿ.

ಜಗತ್ತಿಗೆ ಒಮ್ಮೆ ಹೇಳಿಬಿಟ್ಟ ವಿಷಯಕ್ಕೆ ಪೇಟೆಂಟ್ ಕೊಡುವುದಿಲ್ಲ ಅಪ್ಪ. ಯಾವ ಭಾಷೆಯಲ್ಲಿ ಹೇಳಿದ್ದು, ಎಷ್ಟು ಜನ ಓದಿದ್ದು ಎಂದೂ ಕೇಳುವುದಿಲ್ಲ. ಹೌರಾದ ಪ್ಯಾಕೇಜಿಂಗ್ ಕಂಪನಿಯವರು ಡಿಸೆಂಬರಿನಲ್ಲಿ ಮಡಕೆ ನೋಡಿ, ‘ಮೊದಲು ಪೇಟೆಂಟ್ ಅರ್ಜಿ ಹಾಕಿ ಬನ್ನಿ, ಆಮೇಲೆ ಬಂಡವಾಳದ ಮಾತು’ ಎಂದಿದ್ದರು. ನಾನು ಕೆಲಸ ಬಿಟ್ಟು ಈ ಶೆಡ್ಡು ಹಿಡಿದದ್ದು ಆ ಭರವಸೆಯ ಮೇಲೆ. ಮಡಕೆ ಸೋರುವುದು ನಿಂತಿತು, ನಮ್ಮ ಮನೆ ಸೋರುವುದು ನಿಲ್ಲಲಿಲ್ಲ.

ಆ ಸಂಚಿಕೆ ಯಾರ ಯಾರ ಹತ್ತಿರ ಇದೆ ಎಂದು ದಯವಿಟ್ಟು ಬರೆದು ತಿಳಿಸಿ.

ನಿಮ್ಮ ಲೇಖನದ ಪ್ರಕಾರ ‘ಬಂಗಾಳದ ನೆಲದಲ್ಲಿ ಬೆಳಗಿದ ಕನ್ನಡದ ಪ್ರತಿಭೆ’,
ನಿಹಾರಿಕಾ


ಬಾಲಿಗಂಜ್
21 ಜನವರಿ 2023

ಚಿ. ನಿಹಾರಿಕಾಳಿಗೆ,

ದಿನಾಂಕ ಹದಿನೇಳರ ನಿನ್ನ ಪತ್ರ ಕೈಸೇರಿತು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಬದುಕೆಲ್ಲ ಕಳೆದವನಿಗೆ ಬರಹದಲ್ಲಿ ವಿವರಣೆ ಕೇಳಿದರೆ ಭಯವಿಲ್ಲ. ವಿವರಣೆ ಹೀಗಿದೆ.

ಸಂಚಿಕೆ ಸಂಘದ ಪ್ರತಿ ಮನೆಗೂ ಹೋಗಿದೆ. ಸಮಾರಂಭಕ್ಕೆ ಬಿಸಿಬೇಳೆಭಾತ್ ಮಾಡಿದ ಅಡುಗೆಯವರಿಗೂ ಕೊಟ್ಟಿದ್ದೇವೆ, ಅವರು ಕುಂದಾಪುರದವರು. ಉಳಿದ ಕಟ್ಟು ಕಾರ್ಯದರ್ಶಿ ಪ್ರಸನ್ನನ ಬೀರುವಿನಲ್ಲಿದೆ. ಒಂದು ಪ್ರತಿ ಅಲಿಪುರದ ನ್ಯಾಷನಲ್ ಲೈಬ್ರರಿಯ ಕನ್ನಡ ವಿಭಾಗದಲ್ಲಿದೆ. ಅಚ್ಚಾದದ್ದರ ಪ್ರತಿ ಅಲ್ಲಿಗೆ ಸಲ್ಲಬೇಕೆಂಬುದು ನಿಯಮ. ಸಂಘದಲ್ಲಿ ಯಾರಿಗೂ ಅದರ ಗೊಡವೆ ಇಲ್ಲದ ಕಾರಣ ಪ್ರತಿವರ್ಷ ನಾನೇ ಹೋಗಿ ಕೊಟ್ಟು, ರಸೀದಿಗೆ ಸೀಲು ಹಾಕಿಸಿಕೊಂಡು ಬರುತ್ತೇನೆ. ನಿನ್ನಮ್ಮ ಇದನ್ನು ‘ಅಪ್ಪನ ತೀರ್ಥಯಾತ್ರೆ’ ಎಂದು ಆಡಿಕೊಳ್ಳುವುದು ನಿನಗೆ ಗೊತ್ತು. ಈ ಸಲ ನಿನ್ನ ಫೋಟೊ ಇದ್ದದ್ದರಿಂದ ಆ ಪುಟ ತೆರೆದು ತೋರಿಸಿಯೂ ಬಂದೆ.

ಇನ್ನೊಂದು ಮಾತು. ‘ಕನ್ನಡದಲ್ಲಿ ಬರೆದದ್ದನ್ನು ಈ ಊರಲ್ಲಿ ಯಾರು ಓದುತ್ತಾರೆ ಅಪ್ಪ’ ಎಂದು ನಗುತ್ತಿದ್ದವಳು ನೀನು. ಈಗ ಜಗತ್ತೇ ಓದಿಬಿಟ್ಟಿದೆ ಎನ್ನುವವಳೂ ನೀನೇ. ಎರಡರಲ್ಲಿ ಒಂದನ್ನು ಇಟ್ಟುಕೋ.

ಹುಣಸೆಬೀಜದ ಅಂಟಿನ ಸುದ್ದಿ ನಿನಗೆ ಹೇಳಿದವನು ನಾನು. ಚಳ್ಳಕೆರೆಯ ಕಡೆ ಕಂಬಳಿಗೆ ಅದನ್ನು ಹಾಕಿ ಬಿಗಿ ಮಾಡುವುದನ್ನು ಸಣ್ಣವನಾಗಿದ್ದಾಗ ನೋಡಿದ್ದೆ. ಆದರೆ ಬಿಸಿ ಮಡಕೆಗೆ ಸವರುವ ಯೋಚನೆ ನಿನ್ನದು, ಅಪ್ಪಟ ನಿನ್ನದು. ನಾಳೆ ಯಾರೂ ‘ಇದು ಅವಳಪ್ಪನ ತಲೆ’ ಎನ್ನಬಾರದೆಂದು ಅದನ್ನು ಅಷ್ಟು ಬಿಡಿಸಿ ಬರೆದೆ. ತಪ್ಪಾಯಿತು ಎಂದು ಬರೆಯಲು ಕೂತೆ, ಕೈ ಬರಲಿಲ್ಲ. ಹೆಮ್ಮೆಪಟ್ಟದ್ದನ್ನು ತಪ್ಪು ಎಂದು ಹೇಗೆ ಬರೆಯಲಿ?

ಇತಿ,
ಬದರಿನಾಥ


ಬೆಹಾಲಾ
30 ಜನವರಿ 2023

ಅಪ್ಪ,

ಲೈಬ್ರರಿಯ ಸುದ್ದಿಯನ್ನು ಶರ್ಮಿಷ್ಠಾದಿಗೆ ಹೇಳಿದೆ. ಬೀರುವಿನ ಕಟ್ಟನ್ನಾದರೂ ಮರೆತುಬಿಡಬಹುದಿತ್ತು, ಸರ್ಕಾರಿ ಸೀಲಿದ್ದರೆ ಮುಗಿಯಿತು, ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ ಎಂದರು.

ಆದರೂ ಒಂದು ದಾರಿ ಇದೆಯಂತೆ. ಕಂಡುಹಿಡಿದವರ ಒಪ್ಪಿಗೆ ಇಲ್ಲದೆ ಬೇರೆಯವರು ಅಚ್ಚು ಹಾಕಿಸಿದ್ದರೆ, ಗೊತ್ತಾದ ಕೂಡಲೇ ಅರ್ಜಿ ಹಾಕಿದರೆ, ಕಾನೂನು ಅದನ್ನು ಮನ್ನಿಸುತ್ತದೆ. ‘ನಿಮ್ಮಪ್ಪ ನಿಮ್ಮನ್ನು ಕೇಳದೆ ಪ್ರಕಟಿಸಿದರಾ?’ ಎಂದು ವಿಚಾರಿಸಿದರು. ಹೌದು ಎಂದೆ. ಅವರು ಅಫಿಡವಿಟ್ಟಿನ ಕರಡು ಮಾಡಿಕೊಟ್ಟಿದ್ದಾರೆ, ಜೊತೆಗಿದೆ. ‘ನನ್ನ ಮಗಳ ಅರಿವಾಗಲಿ ಒಪ್ಪಿಗೆಯಾಗಲಿ ಇಲ್ಲದೆ ಸದರಿ ಲೇಖನವನ್ನು ಪ್ರಕಟಿಸಿರುತ್ತೇನೆ’ ಎಂಬ ಸಾಲಿನ ಕೆಳಗೆ ನಿಮ್ಮ ಸಹಿ ಬೇಕು. ಒಂದೇ ಸಹಿ. ಬೇಗ ಆಗಬೇಕು.

ನಿಹಾರಿಕಾ


ಬಾಲಿಗಂಜ್
4 ಫೆಬ್ರವರಿ 2023

ಚಿ. ನಿಹಾರಿಕಾಳಿಗೆ,

ಕರಡು ಓದಿದೆ. ಭಾಷೆ ಚೆನ್ನಾಗಿದೆ.

ದಸರೆಯ ಮುಂಚಿನ ಒಂದು ಭಾನುವಾರ ನಿನಗೆ ನೆನಪಿದೆಯೇ? ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆ ಎಲೆ, ಕಾಫಿಪುಡಿ ತೆಗೆದುಕೊಂಡು, ದೋಸೆ ತಿನ್ನಲು ಕೂತಿದ್ದೆವು. ಜೇಬಿನಿಂದ ಲೇಖನ ತೆಗೆದು ಮೊದಲಿನಿಂದ ಕೊನೆಯವರೆಗೂ ನಿನಗೆ ಓದಿದೆ. ಹರಟೆ ಹೊಡೆಯುತ್ತಿದ್ದ ಪಕ್ಕದ ಮೇಜಿನ ಬಂಗಾಳಿ ಬಾಬುಗಳು ಕೂಡ ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ನೀನು ಫೋನಿನಲ್ಲಿ ಏನೋ ಬರೆಯುತ್ತಿದ್ದೆ. ‘ಹಾಕಿಸಲಾ?’ ಎಂದೆ. ‘ಚೆನ್ನಾಗಿದೆ ಅಪ್ಪ, ಹಾಕಿಸಿ’ ಎಂದೆ ನೀನು. ಆ ಮಾತಿನ ಮೇಲೆ ಪ್ರಸನ್ನನ ಕೈಗೆ ಕೊಟ್ಟೆ.

ನಾನು ಕೇಳದೆ ಹಾಕಿಸುವವನಲ್ಲ. ಆದರೆ ನೀನು ನನ್ನ ಮಗಳು. ಕಳ್ಳ ಎಂದು ಬರೆದುಕೊಟ್ಟರೆ ನಿನ್ನ ಗೂಡು ಉರಿಯುತ್ತದೆ ಅನ್ನುವುದಾದರೆ ಬರೆದುಕೊಡುತ್ತೇನೆ. ಒಂದೇ ಷರತ್ತು. ‘ನಾನು ಹಾಗೆ ಹೇಳಲಿಲ್ಲ’ ಎಂದು ನೀನು ಒಂದು ಸಾಲು, ನಿನ್ನ ಕೈಯಿಂದ, ತಾರೀಖು ಹಾಕಿ ಬರೆದು ಕಳಿಸು. ಅದು ಬಂದ ದಿನವೇ ಸಹಿ ಹಾಕಿ ಕಳಿಸುತ್ತೇನೆ.

ಇತಿ,
ಬದರಿನಾಥ


ಬಾಲಿಗಂಜ್
26 ಫೆಬ್ರವರಿ 2023

ನಿಹಾ,

ನಾನು ಅಮ್ಮ. ನಿಮ್ಮಿಬ್ಬರ ಕೋರ್ಟು ಕಚೇರಿ ನನಗೆ ಬೇಡ, ಆದ್ರೂ ಬರೀತಿದೀನಿ. ನಿಮ್ಮಪ್ಪ ಸಂಘಕ್ಕೆ ಹೋಗೋದು ಬಿಟ್ಟಿದಾರೆ. ಪ್ರಸನ್ನ ಬಂದು ಕರೆದ್ರೆ ಮಂಡಿ ನೋವು ಅಂತಾರೆ. ಮಂಡಿ ನೋವಿರೋರು ದಿನಾ ಗೇಟಿಗೆ ಹೋಗಿ ಪೋಸ್ಟ್‌ಮ್ಯಾನ್‌ನ ಕೇಳ್ತಾರಾ? ‘ಕೊಲ್ಕತ್ತಾದಿಂದ ಕೊಲ್ಕತ್ತಾಕ್ಕೆ ಪತ್ರ ಯಾರು ಬರೀತಾರೆ ದಾದಾ’ ಅಂತ ಅವನು ನಗ್ತಾನೆ.

ಆ ಕರಡನ್ನ ಕನ್ನಡಕದ ಡಬ್ಬಿ ಕೆಳಗೆ ಇಟ್ಕೊಂಡಿದಾರೆ. ಪಕ್ಕದಲ್ಲಿ ಪೆನ್ನು ಬೇರೆ. ನೀನು ಆ ಸಾಲು ಬರೆದ್ರೆ ಖಂಡಿತ ಸಹಿ ಹಾಕ್ತಾರೆ, ಅದೇ ನನಗೆ ಹೆದರಿಕೆ. ಹಾಕಿದ ಮೇಲೆ ಅವರು ಇನ್ನೇನೂ ಬರೆಯಲ್ಲ ಕಣೇ. ನಿನಗೇನು ಅನ್ಸುತ್ತೋ ಮಾಡು. ಹಸಿವಿಟ್ಕೊಂಡು ಕೆಲಸ ಮಾಡ್ಬೇಡ.

ಅಮ್ಮ
(ವಸಂತಾ ಅಂತಾನೂ ಬರೆದಿದೀನಿ, ಬರಹದಲ್ಲಿ ಇರಲಿ)


ಬೆಹಾಲಾ
12 ಮಾರ್ಚ್ 2023

ಅಪ್ಪ,

ಆ ಸಾಲನ್ನು ಬರೆದೆ. ಹರಿದೆ. ಇನ್ನೊಮ್ಮೆ ಬರೆಯಲು ಕೂತಾಗ ದೋಸೆಯ ತಟ್ಟೆ ಕಣ್ಣೆದುರು ಬಂತು. ಹೇಳಿದ್ದೆ ಅಪ್ಪ, ‘ಹಾಕಿಸಿ’ ಎಂದು ನಾನೇ ಹೇಳಿದ್ದೆ. ಒಂದು ಅಕ್ಷರವೂ ಕಿವಿಗೆ ಹಾಕಿಕೊಳ್ಳದೆ ಹೇಳಿದ್ದೆ. ಕರಡನ್ನು ಹರಿದುಹಾಕಿ. ನನಗೆ ಆ ಪೇಟೆಂಟ್ ಬೇಡ.

ಶರ್ಮಿಷ್ಠಾದಿಗೆ ನಿಜ ಹೇಳಿದೆ. ಬೈಯಲಿಲ್ಲ. ‘ಒಂದು ಬೀಗ ಹೋದರೆ ಮನೆ ಬಿಟ್ಟು ಹೋಗ್ತೀಯಾ? ಇನ್ನೂ ಎಷ್ಟು ಬಾಗಿಲಿದೆ ನೋಡು’ ಎಂದು ಬಿಳಿ ಹಾಳೆ ಮುಂದಿಟ್ಟರು. ಅಲ್ಲಿಯವರೆಗೆ ನನಗೆ ಪೇಟೆಂಟ್ ಬಿಟ್ಟು ಬೇರೇನೂ ಕಂಡಿರಲಿಲ್ಲ. ಪರೀಕ್ಷೆಯಲ್ಲಿ ಮೊದಲ ದರ್ಜೆ ಬೇಕು ಅನ್ನುವ ಹಾಗೆ ಅದು ಬೇಕಿತ್ತು. ಯಾವುದನ್ನು ಹೇಳಬೇಕು, ಯಾವುದನ್ನು ನೋಂದಾಯಿಸಬೇಕು, ಯಾವುದನ್ನು ಬಾಯಿ ಬಿಡದೆ ಇಟ್ಟುಕೊಳ್ಳಬೇಕು ಎಂದು ಒಂದೊಂದನ್ನೇ ಬೇರೆ ಮಾಡಿ ಯೋಚಿಸಿಯೇ ಇರಲಿಲ್ಲ.

ಈಗ ಮಾಡಿದ್ದೇವೆ. ಮಡಕೆಗೆ ಹೊಸದಾಗಿ ಒಂದು ಮುಚ್ಚಳ ಮಾಡಿದ್ದೇನೆ, ಬಂಗಾಳಿ ಮದುಮಗನ ಟೊಪೋರ್ ಟೋಪಿಯಂತೆ ಚೂಪಾಗಿ ಎದ್ದಿರುವುದು. ನಿಮ್ಮ ಲೇಖನ ಬರೆದಾಗ ಅದು ಇರಲಿಲ್ಲ, ಯಾರೂ ನೋಡಿಲ್ಲ, ಆದ್ದರಿಂದ ಅದರ ಆಕಾರಕ್ಕೆ ಡಿಸೈನ್ ನೋಂದಣಿಗೆ ಹಾಕಿದ್ದೇವೆ. ‘ಟೊಪೋರ್’ ಎಂಬ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಲು ಕೊಟ್ಟಿದ್ದೇವೆ. ಅಂಟಿಗೆ ಡಿಸೆಂಬರಿನಿಂದ ನಾನು ಇನ್ನೊಂದು ವಸ್ತು ಸೇರಿಸುತ್ತಿದ್ದೇನೆ. ನಿಮ್ಮ ಲೇಖನ ನೋಡಿ ಮಾಡಿದ ಮಡಕೆ ಕೆಲವು ದಿನ ತಡೆಯುತ್ತದೆ. ಇದು ಸೇರಿದರೆ ದೋಯಿ ದಿಲ್ಲಿಯವರೆಗೂ ಹೋಗುತ್ತದೆ. ಪೇಟೆಂಟ್ ಬೇಕೆಂದರೆ ಅದನ್ನೂ ಅರ್ಜಿಯಲ್ಲಿ ಜಗತ್ತಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹೇಳುವುದಿಲ್ಲ. ಅದು ಗುಟ್ಟಾಗಿಯೇ ಇರುತ್ತದೆ. ನೀವೂ ಕೇಳಬೇಡಿ.

ಪೇಟೆಂಟ್ ಇಲ್ಲ ಎಂದ ಕೂಡಲೇ ಪ್ಯಾಕೇಜಿಂಗ್ ಕಂಪನಿಯವರು ಫೋನ್ ಎತ್ತುವುದು ಬಿಟ್ಟರು. ಬಿಡಲಿ. ಬೆಹಾಲಾದ ಎರಡು ಮಿಷ್ಟಿ ಅಂಗಡಿಗಳು ಮಡಕೆ ಬೇಕು ಎಂದಿವೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಮಾಡಿಯೇ ತೀರುತ್ತೇನೆ.

ಸಂಘಕ್ಕೆ ಹೋಗಿ. ಮಂಡಿಗೆ ಏನೂ ಆಗಿಲ್ಲ ಎಂದು ನನಗೆ ವರದಿ ಬಂದಿದೆ.

ನಿಹಾರಿಕಾ


ಬಾಲಿಗಂಜ್
28 ಅಕ್ಟೋಬರ್ 2023

ಚಿ. ನಿಹಾರಿಕಾಳಿಗೆ,

ಶುಭೋ ಬಿಜೊಯಾ. ದುರ್ಗಾಪೂಜೆ ಮುಗಿದ ಮೇಲೆ ದೊಡ್ಡವರು ಚಿಕ್ಕವರಿಗೆ ಆಶೀರ್ವಾದದ ಪತ್ರ ಬರೆಯುವ ಪದ್ಧತಿಯನ್ನು ಈ ಊರಿನವರೇ ಬಿಟ್ಟಿದ್ದಾರೆ, ನಾನು ಹಿಡಿದಿದ್ದೇನೆ.

ಮೊನ್ನೆ ನಿನ್ನ ಶೆಡ್ಡಿನ ಗೇಟಿನವರೆಗೆ ಬಂದು ಒಬ್ಬಟ್ಟಿನ ಡಬ್ಬಿ ಕೊಟ್ಟು ಹಾಗೇ ಹೋದೆನೆಂದು ನೀನು ಅಮ್ಮನ ಹತ್ತಿರ ಸಿಡುಕಿದ್ದು ತಿಳಿಯಿತು. ಒಳಗೆ ಬರುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ನನ್ನ ಸ್ವಭಾವ ನನಗೆ ಗೊತ್ತು. ಬಂದರೆ ನೋಡುತ್ತೇನೆ, ನೋಡಿದರೆ ಅರ್ಥವಾಗುತ್ತದೆ, ಅರ್ಥವಾದರೆ ಬರೆಯದೆ ಇರಲಾರೆ. ಗೇಟೇ ವಾಸಿ. ಗೂಡಿನ ಹೊಗೆ ಕಂಡಿತು, ನೀನು ಯಾರನ್ನೋ ಬಂಗಾಳಿಯಲ್ಲಿ ಗದರುವುದು ಕೇಳಿಸಿತು. ಇಷ್ಟು ಸಾಕು.

ಬಾಲಿಗಂಜ್ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಟೊಪೋರ್ ಮಡಕೆಯ ದೋಯಿ ಕೊಂಡೆ. ಯಾರು ಮಾಡಿದ್ದು ಎಂದು ಅಂಗಡಿಯವನನ್ನು ಕೇಳಿದೆ. ‘ಬೆಹಾಲಾದ ಒಬ್ಬ ದೀದಿ, ಬಹಳ ಜೋರು’ ಎಂದ. ನನ್ನ ಮಗಳು ಎಂದು ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಆಶೀರ್ವಾದಗಳೊಂದಿಗೆ,
ಬದರಿನಾಥ


ಬೆಹಾಲಾ
14 ನವೆಂಬರ್ 2024

ಅಪ್ಪ,

ಇದು ಜಗಳದ ಪತ್ರವಲ್ಲ, ಆದರೆ ಬರಹದಲ್ಲೇ ಇರಬೇಕು.

ಫೋನ್ ಎತ್ತುವುದು ಬಿಟ್ಟಿದ್ದ ಆ ಪ್ಯಾಕೇಜಿಂಗ್ ಕಂಪನಿ ಕಳೆದ ವರ್ಷ ಏಪ್ರಿಲ್‌ನಲ್ಲಿ ತನ್ನ ಹೆಸರಿನಲ್ಲೇ ಪೇಟೆಂಟ್ ಅರ್ಜಿ ಹಾಕಿದೆ. ಈಗ ಅದು ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗಿ ಶರ್ಮಿಷ್ಠಾದಿಯ ಕಣ್ಣಿಗೆ ಬಿತ್ತು. ‘ಮಣ್ಣಿನ ಪಾತ್ರೆ ಬಿಸಿಯಿರುವಾಗ ಹುಣಸೆಬೀಜದ ಅಂಟನ್ನು ಒಳಗೆ ಸವರುವ ವಿಧಾನ.’ ಕಂಡುಹಿಡಿದವರು ಎಂದು ನಾಲ್ಕು ಹೆಸರಿವೆ. ಅವರಲ್ಲಿ ಇಬ್ಬರು ನನ್ನ ಮೇಜಿನ ಮುಂದೆ ಕೂತು ಚಾ ಕುಡಿದು, ಮಡಕೆ ತಿರುಗಿಸಿ ತಿರುಗಿಸಿ ನೋಡಿ, ಪ್ರಶ್ನೆ ಕೇಳಿದವರು.

ಅದು ಅವರಿಗೆ ಸಿಕ್ಕರೆ ನಾನು ಗೂಡು ಆರಿಸಬೇಕು. ನನ್ನದೇ ವಿಧಾನಕ್ಕೆ ಅವರ ಅನುಮತಿ ಕೇಳಬೇಕು. ಹೆಸರು, ಮುಚ್ಚಳ, ಗುಟ್ಟು ಎಲ್ಲ ಇದ್ದೂ ಒಂದು ಮಡಕೆ ಮಾಡಲು ಆಗುವುದಿಲ್ಲ. ಇಲ್ಲಿ ಕೆಲಸ ಮಾಡುವ ಹೆಂಗಸರಿಗೆ ಇನ್ನೂ ಹೇಳಿಲ್ಲ.

ಆದರೆ ಅಪ್ಪ, ಆ ಅರ್ಜಿಗಿಂತ ಮುಂಚೆ ಅದೇ ವಿಷಯವನ್ನು ಯಾರಾದರೂ ಜಗತ್ತಿಗೆ ಹೇಳಿದ್ದರೆ ಅವರಿಗೂ ಪೇಟೆಂಟ್ ಸಿಗುವುದಿಲ್ಲ. ನನಗೆ ಮುಚ್ಚಿದ ಬಾಗಿಲು ಅವರಿಗೂ ಮುಚ್ಚಿದೆ. ಆಕ್ಷೇಪಣೆ ಸಲ್ಲಿಸುತ್ತಿದ್ದೇವೆ. ಸಂಚಿಕೆಯ ಒಂದು ಪ್ರತಿ, ಲೈಬ್ರರಿಯ ರಸೀದಿ, ಮತ್ತು ನಿಮ್ಮ ಲೇಖನದ ಇಂಗ್ಲಿಷ್ ಅನುವಾದ ಬೇಕು.

ನಿಹಾರಿಕಾ


ಬಾಲಿಗಂಜ್
16 ನವೆಂಬರ್ 2024

ಚಿ. ನಿಹಾರಿಕಾಳಿಗೆ,

ಕೋರಿದ ದಾಖಲೆಗಳನ್ನು ಲಗತ್ತಿಸಿದೆ. ರಸೀದಿಯ ಮೇಲೆ ಸೀಲು ಸ್ಪಷ್ಟವಾಗಿದೆ. ನಾನು ನಿಂತು ಎರಡನೆಯ ಸಲ ಒತ್ತಿಸಿದ್ದೆ.

ಅನುವಾದ ನಾನೇ ಮಾಡಿದೆ. ‘ಕನ್ನಡದ ಪ್ರತಿಭೆ’ ಎಂಬ ವಾಕ್ಯವನ್ನು ಬಿಡಬಹುದೆಂದು ಪ್ರಸನ್ನ ಹೇಳಿದ. ಅನುವಾದ ಎಂದರೆ ಪೂರ್ತಿ ಅನುವಾದ, ಬಿಡಲಿಲ್ಲ.

ಆ ನಾಲ್ವರ ಸುದ್ದಿ ಓದಿ ನನ್ನ ರಕ್ತ ಕುದಿಯಿತು. ಬಿಡಬೇಡ.

ಬದರಿನಾಥ


ಬೆಹಾಲಾ
12 ಜುಲೈ 2025

ಅಪ್ಪ,

ನಿನ್ನೆ ಸಾಲ್ಟ್ ಲೇಕ್‌ನ ಪೇಟೆಂಟ್ ಕಚೇರಿಯಲ್ಲಿ ನೀವು ಹೊರಗಿನ ಬೆಂಚಿನಲ್ಲೇ ಕೂತಿರಿ. ವಾಪಸು ಬರುವ ದಾರಿಯಲ್ಲಿ ನಾನು ಹೇಳಲು ಹೊರಟರೆ ‘ಬರಹದಲ್ಲಿ ಕೊಡು’ ಎಂದು ಕಿಟಕಿಯ ಕಡೆ ತಿರುಗಿದಿರಿ. ತಗೊಳ್ಳಿ, ವರದಿ.

ಕಂಪನಿಯ ವಕೀಲರು ಸಂಚಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ‘ಇದೊಂದು ಊಟದ ಸಮಾರಂಭದ ಪುಸ್ತಿಕೆ, ನೂರಾರು ಮೈಲಿ ದೂರದ ಭಾಷೆಯಲ್ಲಿದೆ, ಕೆಲವು ಮನೆಗಳಿಗೆ ಹಂಚಿದ್ದು, ಸಾರ್ವಜನಿಕರಿಗೆ ಇದು ಸಿಗುವಂತಿತ್ತು ಎನ್ನಲು ಆಧಾರವೇನು?’ ಎಂದರು. ನಿಮ್ಮ ಹೆಸರನ್ನು ತಪ್ಪು ತಪ್ಪಾಗಿ ಓದಿ ನಕ್ಕರು ಕೂಡ. ನನಗೆ ಎದ್ದು ಹೋಗಿ ಅವರ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕೆನ್ನಿಸಿತು.

ಶರ್ಮಿಷ್ಠಾದಿ ರಸೀದಿ ಮುಂದಿಟ್ಟರು. ‘ಆಧಾರ ಅಲಿಪುರದಲ್ಲಿದೆ. ಇವರ ಅರ್ಜಿಗಿಂತ ತಿಂಗಳುಗಳ ಮುಂಚಿನಿಂದ ರಾಷ್ಟ್ರೀಯ ಗ್ರಂಥಾಲಯದ ಕಪಾಟಿನಲ್ಲಿದೆ. ಯಾರು ಬೇಕಾದರೂ ಹೋಗಿ ಕೇಳಿ ಓದಬಹುದಿತ್ತು’ ಎಂದರು. ಅಧಿಕಾರಿ ಸೀಲನ್ನು ನೋಡಿದರು. ಆಮೇಲೆ ನಿಮ್ಮ ಅನುವಾದವನ್ನು ಅವರ ಅರ್ಜಿಯ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದಿದರು. ‘ಎಷ್ಟು ವಿವರವಾಗಿ ಬರೆದಿದ್ದಾರೆ’ ಎಂದರು. ಅವರ ವಕೀಲರು ನಗುವುದು ನಿಲ್ಲಿಸಿದರು.

ಅಂದು ಆ ಅಫಿಡವಿಟ್ಟಿಗೆ ಸಹಿ ಬಿದ್ದಿದ್ದರೆ ನಾನು ನಿನ್ನೆ ಆ ಕೋಣೆಯಲ್ಲಿ ತಲೆ ಎತ್ತಿ ‘ಹೌದು, ಇದನ್ನು ನನ್ನಪ್ಪ ನನ್ನನ್ನು ಕೇಳಿಯೇ ಹಾಕಿಸಿದರು’ ಎಂದು ಹೇಳಲು ಆಗುತ್ತಿರಲಿಲ್ಲ. ಹೇಳಿದೆ. ಜೋರಾಗಿಯೇ ಹೇಳಿದೆ. ಹೊರಗೆ ಕೇಳಿಸಿತಾ?

ಆದೇಶ ಬರಬೇಕು.

ನಿಹಾರಿಕಾ


ಬೆಹಾಲಾ
6 ಅಕ್ಟೋಬರ್ 2025

ಅಪ್ಪ,

ಬಿಜೊಯಾ ಪ್ರಣಾಮ.

ಆದೇಶ ಬಂತು. ಅವರ ಅರ್ಜಿ ತಿರಸ್ಕೃತವಾಗಿದೆ. ಕಾರಣಗಳ ಮೊದಲ ಸಾಲಿನಲ್ಲೇ ನಿಮ್ಮ ಹೆಸರಿದೆ, ಈ ಸಲ ಸರಿಯಾಗಿ ಬರೆದಿದ್ದಾರೆ. ಬಿಸಿ ಮಡಕೆಗೆ ಅಂಟು ಸವರುವ ವಿಧಾನ ಯಾರೊಬ್ಬರದೂ ಅಲ್ಲ, ಯಾರು ಬೇಕಾದರೂ ಮಾಡಬಹುದು. ಮಾಡಲಿ. ಟೊಪೋರ್ ಎಂಬ ಹೆಸರು, ಆ ಮುಚ್ಚಳ, ಒಳಗಿನ ಎರಡನೆಯ ವಸ್ತು ನನ್ನವು. ಅಷ್ಟು ಸಾಕು ನನಗೆ, ಉಳಿದದ್ದನ್ನು ದುಡಿದು ಗೆಲ್ಲುತ್ತೇನೆ.

ಈಗ ಒಂದು ಕೆಲಸ ಬಾಕಿ ಇದೆ. ಗುಟ್ಟು ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಅಪಾಯ, ನಿನಗೆ ಜ್ವರ ಬಂದರೂ ಗೂಡು ನಿಲ್ಲುತ್ತದೆ, ನಂಬಿಕೆಯ ಇನ್ನೊಬ್ಬರನ್ನು ಆರಿಸಿಕೋ ಎಂದು ಶರ್ಮಿಷ್ಠಾದಿ ಬಹಳ ದಿನದಿಂದ ಹೇಳುತ್ತಿದ್ದಾರೆ. ಆರಿಸಿದ್ದೇನೆ. ಹೆಸರು ಕೇಳಿ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಬೇರೆ ಯಾರೂ ಬೇಡ ಎಂದೆ.

ಗುರುವಾರ ಬನ್ನಿ. ಗೇಟಿನಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ. ಒಂದು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ಈ ಸಲದ ಕರಡಿನಲ್ಲಿ ಸುಳ್ಳು ಒಂದೂ ಇಲ್ಲ.

ನಿಮ್ಮ,
ನಿಹಾ


ಬಾಲಿಗಂಜ್
12 ಅಕ್ಟೋಬರ್ 2025

ಚಿ. ನಿಹಾಗೆ,

ಗುರುವಾರ ನೋಡಿದ್ದರ ಬಗ್ಗೆ ಈ ಪತ್ರದಲ್ಲಿ ಏನೂ ಇರುವುದಿಲ್ಲ. ಮನೆಗೆ ಬಂದ ಮೇಲೆ ನಿನ್ನಮ್ಮ ಏನೇನೋ ಆಸೆ ತೋರಿಸಿ ಕೇಳಿದಳು, ಮೈಸೂರುಪಾಕು ಕೂಡ ಮಾಡಿದಳು. ತಿಂದೆ, ಹೇಳಲಿಲ್ಲ.

ಇವತ್ತು ಪ್ರಸನ್ನ ಬಂದಿದ್ದ. ಈ ವರ್ಷದ ರಾಜ್ಯೋತ್ಸವ ಸಂಚಿಕೆಗೆ ನಿನ್ನ ಗೆಲುವಿನ ಬಗ್ಗೆ ನಾಲ್ಕು ಪುಟ ಬೇಕಂತೆ, ಮುಖಪುಟದಲ್ಲಿ ನಿನ್ನ ಫೋಟೊ ಹಾಕುತ್ತಾರಂತೆ. ‘ಆ ಮಡಕೆಯಲ್ಲಿ ಅಂಥದ್ದೇನಿದೆ ಸರ್, ನೀವು ಬರೆದರೇ ಚೆನ್ನ’ ಎಂದು ಪೆನ್ನು, ಹಾಳೆ ನನ್ನ ಮುಂದೆಯೇ ಇಟ್ಟ.

ನನಗೇನೂ ಗೊತ್ತಿಲ್ಲ ಎಂದೆ.

ನಂಬಲಿಲ್ಲ ಅವನು. ನಿಮ್ಮ ಮಗಳಲ್ಲವಾ, ನಿಮಗೆ ಹೇಳದೆ ಇರುತ್ತಾಳಾ ಎಂದ. ಎದೆ ಉಬ್ಬಿ ಬಂತು ಮಗಳೇ. ‘ನನ್ನ ಮಗಳೇ, ಆದರೆ ನನಗೇನೂ ಗೊತ್ತಿಲ್ಲ’ ಎಂದು ಇನ್ನೊಮ್ಮೆ, ಬೀದಿಗೆ ಕೇಳಿಸುವ ಹಾಗೆ ಹೇಳಿದೆ.

ಇತಿ ನಿನ್ನ,
ಅಪ್ಪ